ಕ್ಯಾಪ್ಸೂಲ್ ಎಂಡೋಸ್ಕೋಪಿ ಸಣ್ಣ ಕರುಳಿನ ಕೊನೆ ಮುಟ್ಟಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ರೋಗಿಗಳ ಸೊಂಟಕ್ಕೆ ಸೆನ್ಸರ್ ಬೆಲ್ಟ್ ಕಟ್ಟುವುದು, ಕರುಳಿನ ಒಳಗಿನ ಚಿತ್ರ ತೆಗೆದು ಆ ಬೆಲ್ಟಿಗೆ ಕಳುಹಿಸುವ ಕ್ಯಾಮೆರಾ ಕ್ಯಾಪ್ಸೂಲ್ ನುಂಗಿಸುವುದು, ಸಂಜೆ ರೆಕಾರ್ಡರ್ ಇಳಿಸಿಕೊಂಡು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ದಿನನಿತ್ಯದ ಕೆಲಸ. ವರದಿ ಬರೆಯುವುದು ವೈದ್ಯರು. ಆದರೆ ಆ ಕ್ಯಾಪ್ಸೂಲ್ ಸಣ್ಣ ಕರುಳನ್ನು ಪೂರ್ತಿ ದಾಟುತ್ತದೆಯೋ ಇಲ್ಲವೋ ಎಂಬುದು ಬಹುಪಾಲು ವರದಿಗೆ ಮುಂಚೆಯೇ ತೀರ್ಮಾನವಾಗಿರುತ್ತದೆ. ಹಿಂದಿನ ದಿನದ ಊಟ, ಬೆಳಗಿನ ಮಾತ್ರೆ, ನುಂಗಿದ ಮೇಲಿನ ಮೊದಲ ಒಂದು ಗಂಟೆ, ಇವೆಲ್ಲ ಅದನ್ನು ನಿರ್ಧರಿಸುತ್ತವೆ. ರೋಗಿಗಳೂ ಅವರ ಮನೆಯವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಔಷಧದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ.

ಈ ಪರೀಕ್ಷೆ ಯಾತಕ್ಕಾಗಿ? ಮಾಮೂಲಿ ಎಂಡೋಸ್ಕೋಪಿ ಸಾಲದೇ?

ಬಾಯಿಂದ ಹಾಕುವ ಎಂಡೋಸ್ಕೋಪ್ ಜಠರವನ್ನೂ ಡ್ಯುವೊಡಿನಮ್‌ನ, ಅಂದರೆ ಸಣ್ಣ ಕರುಳಿನ ಆರಂಭದ ತುಂಡಿನ, ಮೊದಲ ಭಾಗವನ್ನೂ ನೋಡುತ್ತದೆ. ಕೆಳಗಿನಿಂದ ಹಾಕುವ ಕೊಲೊನೋಸ್ಕೋಪ್ ದೊಡ್ಡ ಕರುಳನ್ನೂ ಸಣ್ಣ ಕರುಳಿನ ತುದಿಯ ಕೆಲವು ಸೆಂಟಿಮೀಟರ್‌ಗಳನ್ನೂ ನೋಡುತ್ತದೆ. ನಡುವೆ ಸುರುಳಿ ಸುತ್ತಿಕೊಂಡು ಕುಳಿತ ಹಲವು ಮೀಟರ್ ಉದ್ದದ ಸಣ್ಣ ಕರುಳು ಎರಡಕ್ಕೂ ಎಟುಕುವುದಿಲ್ಲ. ಹಿಮೋಗ್ಲೋಬಿನ್ ಪದೇ ಪದೇ ಇಳಿಯುತ್ತಿದ್ದು ಎರಡೂ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದಾಗ, ಕರುಳಿನಲ್ಲಿ ದೀರ್ಘಕಾಲ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯ ಅನುಮಾನ ಇದ್ದಾಗ, ಸಣ್ಣ ಕರುಳಿನಲ್ಲಿ ಗಡ್ಡೆ ಇರಬಹುದೆಂಬ ಶಂಕೆ ಇದ್ದಾಗ ಕ್ಯಾಪ್ಸೂಲ್ ನುಂಗಿಸುತ್ತಾರೆ.

ಇಸ್ರೇಲಿನ ಎಂಜಿನಿಯರ್ ಗೇವ್ರಿಯಲ್ ಇಡ್ಡಾನ್ 1981ರಲ್ಲಿ ಯೋಚಿಸತೊಡಗಿದ ಉಪಕರಣ ಇದು. ಲಂಡನ್ನಿನ ವೈದ್ಯ ಪಾಲ್ ಸ್ವೇನ್ ಕೂಡ ಪ್ರತ್ಯೇಕವಾಗಿ ಇದೇ ದಾರಿಯಲ್ಲಿದ್ದರು. ಅವರೆಲ್ಲ ಸೇರಿ ಬರೆದ ವರದಿ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಕ್ಯಾಪ್ಸೂಲ್ ಸುಮಾರು 26 ಮಿ.ಮೀ. ಉದ್ದ, 11 ಮಿ.ಮೀ. ದಪ್ಪ. ಒಳಗೆ ಕ್ಯಾಮೆರಾ, ಎಲ್‌ಇಡಿ ದೀಪಗಳು, ಬ್ಯಾಟರಿ, ರೇಡಿಯೊ ಪ್ರೇಷಕ. ಇದಕ್ಕೆ ತಾನಾಗಿ ಚಲಿಸುವ ಶಕ್ತಿ ಇಲ್ಲ. ಕರುಳು ತಳ್ಳಿದಷ್ಟು ದೂರ ಹೋಗುತ್ತದೆ, ಬ್ಯಾಟರಿ ಇರುವಷ್ಟು ಹೊತ್ತು ನೋಡುತ್ತದೆ. ಅಪೂರ್ಣ ಪರೀಕ್ಷೆಯ ಸಮಸ್ಯೆಯ ಮೂಲ ಇಲ್ಲೇ ಇದೆ.

ಪರೀಕ್ಷೆ ಪೂರ್ಣವಾಯಿತು ಎಂದು ಯಾವಾಗ ಹೇಳುತ್ತಾರೆ?

ಬ್ಯಾಟರಿ ಮುಗಿಯುವುದರೊಳಗೆ, ಚಿತ್ರಗಳು ದಾಖಲಾಗುತ್ತಿರುವಾಗಲೇ, ಕ್ಯಾಪ್ಸೂಲ್ ಸಣ್ಣ ಕರುಳನ್ನು ದಾಟಿ ಸೀಕಮ್‌ಗೆ, ಅಂದರೆ ದೊಡ್ಡ ಕರುಳಿನ ಆರಂಭದ ಭಾಗಕ್ಕೆ ಬಿದ್ದರೆ ಪರೀಕ್ಷೆ ಪೂರ್ಣ. ಪರದೆಯ ಮೇಲೆ ಆ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ಸಣ್ಣ ಕರುಳಿನ ಒಳಗೋಡೆಯ ಮೇಲೆ ವಿಲ್ಲೈ ಎಂಬ ಸಣ್ಣ ಸಣ್ಣ ಎಳೆಗಳಿರುತ್ತವೆ. ತಿಳಿನೀರು ತುಂಬಿದಾಗ ಕೆರೆಯ ಪಾಚಿ ಓಲಾಡುವಂತೆ ಅವು ಓಲಾಡುತ್ತವೆ. ಕೊನೆಯಲ್ಲಿ ತುಟಿಯಂತೆ ಉಬ್ಬಿದ ಕವಾಟವೊಂದು ಎದುರಾಗುತ್ತದೆ, ಅದನ್ನು ದಾಟಿದೊಡನೆ ವಿಲ್ಲೈ ಮಾಯವಾಗಿ ಗೋಡೆ ನುಣುಪಾಗುತ್ತದೆ, ಸುತ್ತ ಮಲದ ಬಣ್ಣದ ದ್ರವ ಕಾಣಿಸುತ್ತದೆ. ಆ ಚಿತ್ರ ಸಿಕ್ಕಿದರೆ ಸಣ್ಣ ಕರುಳಿನ ತುದಿ ಮುಟ್ಟಿದೆವೆಂದು ಅರ್ಥ.

ಇಷ್ಟಾದರೂ ಇದು ಪೂರ್ಣತೆಯ ಅರ್ಧ ಮಾತ್ರ. ಕ್ಯಾಪ್ಸೂಲ್ ಸೀಕಮ್ ತಲುಪಿರಬಹುದು, ಆದರೆ ದಾರಿಯುದ್ದಕ್ಕೂ ನೊರೆ, ಪಿತ್ತ, ಆಹಾರದ ಚೂರು ಲೆನ್ಸಿಗೆ ಅಡ್ಡ ಬಂದಿದ್ದರೆ ಕಂಡದ್ದು ಕಡಿಮೆ. ತುದಿ ಮುಟ್ಟುವುದು ಒಂದು, ದಾರಿ ಕಾಣುವುದು ಇನ್ನೊಂದು. ಎರಡಕ್ಕೂ ಉಪಾಯಗಳು ಬೇರೆ ಬೇರೆ. ಇದನ್ನು ಬೆರೆಸಿಕೊಂಡೇ ಅರ್ಧ ಗೊಂದಲ ಹುಟ್ಟುತ್ತದೆ.

ಅಪೂರ್ಣವಾಗುವುದು ಅಪರೂಪವೇ?

ಅಲ್ಲ. 2010ರಲ್ಲಿ ಪ್ರಕಟವಾದ ದೊಡ್ಡ ವಿಮರ್ಶೆಯೊಂದು 227 ಅಧ್ಯಯನಗಳ 22,840 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿತು. ಪೂರ್ಣವಾದವು ಶೇ 83.5. ಅಂದರೆ ಸರಿಸುಮಾರು ಆರರಲ್ಲಿ ಒಂದು ಪರೀಕ್ಷೆ ಸೀಕಮ್ ಮುಟ್ಟದೆ ನಿಂತಿತು. ಅಂದಿನಿಂದ ಬ್ಯಾಟರಿಗಳು ಸುಧಾರಿಸಿವೆ, ಪರಿಸ್ಥಿತಿಯೂ ಸುಧಾರಿಸಿದೆ. ಆದರೂ ವಾರ್ಡಿನಲ್ಲಿ ಮಲಗಿರುವ ರೋಗಿಗಳಲ್ಲಿ ಈ ತೊಂದರೆ ಈಗಲೂ ಸಾಮಾನ್ಯ.

ಯಾರಲ್ಲಿ ಈ ಸಾಧ್ಯತೆ ಹೆಚ್ಚು?

ಆಸ್ಪತ್ರೆಯಲ್ಲಿ ದಾಖಲಾಗಿ ಹಾಸಿಗೆಯಲ್ಲೇ ಇರುವವರಲ್ಲಿ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ, ಏಕೆಂದರೆ ಅದು ಜಠರದ ನರಗಳನ್ನು ಕುಂದಿಸಿ ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ. ಹಿಂದೆ ಸಣ್ಣ ಕರುಳಿನ ಶಸ್ತ್ರಚಿಕಿತ್ಸೆ ಆದವರಲ್ಲಿ. ಟ್ರಮಡಾಲ್, ಮಾರ್ಫಿನ್‌ನಂಥ ನೋವಿನ ಔಷಧ ತೆಗೆದುಕೊಳ್ಳುತ್ತಿರುವವರಲ್ಲಿ. ಕರುಳು ಸರಿಯಾಗಿ ಶುದ್ಧವಾಗದವರಲ್ಲಿ. ಇವುಗಳ ಜೊತೆಗೆ ಅಧ್ಯಯನಗಳಲ್ಲಿ ಎದ್ದು ಕಾಣುವ ಒಂದು ಕಾರಣವಿದೆ: ಕ್ಯಾಪ್ಸೂಲ್ ಜಠರದಲ್ಲಿ 45 ನಿಮಿಷಕ್ಕಿಂತ ಹೆಚ್ಚು ಕಾಲ ಉಳಿದುಬಿಡುವುದು.

ನಿಮಗೆ ಇವುಗಳಲ್ಲಿ ಯಾವುದಾದರೂ ಅನ್ವಯಿಸಿದರೆ ಪರೀಕ್ಷೆಯ ದಿನಾಂಕ ಬರೆಸುವಾಗಲೇ ಹೇಳಿ. ಬೆಲ್ಟ್ ಕಟ್ಟಿದ ಮೇಲೆ “ನನಗೆ ಇಪ್ಪತ್ತು ವರ್ಷದಿಂದ ಶುಗರ್ ಇದೆ” ಎಂದರೆ ಯೋಜನೆ ಬದಲಿಸಲು ನಮಗೆ ಸಮಯ ಇರುವುದಿಲ್ಲ.

ಮೊದಲ ಒಂದು ಗಂಟೆಗೆ ಯಾಕೆ ಇಷ್ಟು ಮಹತ್ವ?

ಲೆಕ್ಕ ಸರಳವಾಗಿದೆ. ಹಳೆಯ ಕ್ಯಾಪ್ಸೂಲ್‌ಗಳ ಬ್ಯಾಟರಿ ಸುಮಾರು 8 ಗಂಟೆ. ಸಣ್ಣ ಕರುಳು ದಾಟಲು ಸಾಮಾನ್ಯವಾಗಿ ನಾಲ್ಕು ಗಂಟೆಯ ಆಸುಪಾಸು ಬೇಕು, ಕೆಲವರಿಗೆ ಆರು ಗಂಟೆಯೂ ಬೇಕು. ಜಠರವೇ ಮೂರು ಗಂಟೆ ತಿಂದುಹಾಕಿದರೆ ಉಳಿದದ್ದು ಐದು. ನಿಧಾನ ಕರುಳಿನವರಿಗೆ ಅದು ಸಾಲದು. ಕ್ಯಾಮೆರಾ ಮಾತ್ರ ಜಠರದಲ್ಲಿ ಕುಳಿತು ಸೆಕೆಂಡಿಗೆ ಎರಡರಂತೆ ಅದೇ ಜಠರದ ಗೋಡೆಯ ಚಿತ್ರ ತೆಗೆಯುತ್ತಲೇ ಇರುತ್ತದೆ.

ಆದ್ದರಿಂದ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಿಯಲ್‌ಟೈಮ್ ಪರದೆಯಲ್ಲಿ ಕ್ಯಾಪ್ಸೂಲ್ ಎಲ್ಲಿದೆ ಎಂದು ನೋಡಬೇಕು. ರೆಕಾರ್ಡರ್‌ನ ಮೇಲೆ ಸಣ್ಣ ಪರದೆ ಇರುತ್ತದೆ, ಇಲ್ಲವೇ ಬೇರೆ ಪರದೆಗೆ ಜೋಡಿಸಬಹುದು. ಜಠರದಲ್ಲಿದ್ದರೆ ದಪ್ಪ ದಪ್ಪ ಮಡಿಕೆಗಳು, ವಿಶಾಲವಾದ ಕತ್ತಲು, ತೇಲುವ ಗುಳ್ಳೆಗಳು. ಡ್ಯುವೊಡಿನಮ್‌ಗೆ ಇಳಿದಿದ್ದರೆ ಚಿತ್ರ ಇಕ್ಕಟ್ಟಾಗುತ್ತದೆ, ಹಳದಿ ಪಿತ್ತ ಕಾಣುತ್ತದೆ, ಗೋಡೆಯ ಮೇಲೆ ವಿಲ್ಲೈ ಮೂಡುತ್ತವೆ. ನೋಡಲು ಒಂದು ನಿಮಿಷವೂ ಬೇಡ. ಈ ಒಂದು ನಿಮಿಷವನ್ನು ಯಾರೂ ಕೊಡದೆ ರೋಗಿಯನ್ನು ಮನೆಗೆ ಕಳುಹಿಸಿ, ಮರುದಿನ ಕಂಪ್ಯೂಟರಿನಲ್ಲಿ ಎಂಟು ಗಂಟೆಯ ಜಠರವನ್ನು ನೋಡುವುದು ತೀರಾ ನೋವಿನ ಸಂಗತಿ. ದುಬಾರಿ ಕ್ಯಾಪ್ಸೂಲ್, ಎರಡು ದಿನದ ಪಥ್ಯ, ಊರಿಂದ ಬಂದ ಖರ್ಚು, ಎಲ್ಲವೂ ತಪ್ಪಿಸಬಹುದಾಗಿದ್ದ ನಷ್ಟ.

ನೀವು ರೋಗಿಯಾಗಿದ್ದರೆ ವಿನಯದಿಂದಲೇ ಕೇಳಬಹುದು: “ಕ್ಯಾಪ್ಸೂಲ್ ಹೊಟ್ಟೆಯಿಂದ ಇಳಿಯಿತೇ? ಒಮ್ಮೆ ನೋಡುತ್ತೀರಾ?” ಅದನ್ನು ಕೇಳಿ ಯಾರೂ ಬೇಸರಪಟ್ಟುಕೊಳ್ಳಬಾರದು.

ಇಳಿದಿಲ್ಲವಾದರೆ ಮುಂದೇನು?

ಮೊದಲು ಎಬ್ಬಿಸಿ ನಡೆದಾಡಿಸುತ್ತೇವೆ, ಅನುಮತಿ ಇದ್ದರೆ ಸ್ವಲ್ಪ ನೀರು ಕುಡಿಸುತ್ತೇವೆ. ಒಂದು ಗಂಟೆ ದಾಟಿದರೂ ಅಲ್ಲೇ ಇದ್ದರೆ ಜಠರದ ಚಲನೆ ಹೆಚ್ಚಿಸುವ ಔಷಧ ಕೊಡುವುದು ರೂಢಿ. ಮೆಟೊಕ್ಲೋಪ್ರಮೈಡ್ ಅಥವಾ ಡಾಂಪೆರಿಡೋನ್ ಸಾಮಾನ್ಯ. ಅದಕ್ಕೂ ಜಗ್ಗದಿದ್ದರೆ ಎಂಡೋಸ್ಕೋಪ್ ಹಾಕಿ, ಬಲೆಯಲ್ಲಿ ಅಥವಾ ಸ್ನೇರ್ ಎಂಬ ತಂತಿಯ ಕುಣಿಕೆಯಲ್ಲಿ ಕ್ಯಾಪ್ಸೂಲನ್ನು ಹಿಡಿದು, ಜಠರದ ಕೆಳಬಾಗಿಲು ದಾಟಿಸಿ ಡ್ಯುವೊಡಿನಮ್‌ನಲ್ಲಿ ಬಿಡುತ್ತಾರೆ.

ದೀರ್ಘಕಾಲದ ಸಕ್ಕರೆ ಕಾಯಿಲೆ ಇದ್ದ ಒಬ್ಬ ಹಿರಿಯ ತಾಯಿಯ ಪರೀಕ್ಷೆ ನನಗೆ ಚೆನ್ನಾಗಿ ನೆನಪಿದೆ. ಒಂದು ಗಂಟೆಯಾದರೂ ಪರದೆಯಲ್ಲಿ ಜಠರದ ಮಡಿಕೆಗಳೇ. ಮಗಳ ಕೈ ಹಿಡಿದು ಮೊಗಸಾಲೆಯುದ್ದಕ್ಕೂ ನಡೆದರು, ಚುಚ್ಚುಮದ್ದೂ ಆಯಿತು, ಕ್ಯಾಪ್ಸೂಲ್ ಕೆಳಬಾಗಿಲ ಹತ್ತಿರ ಬಂದು ಮತ್ತೆ ಹಿಂದಕ್ಕೆ ಉರುಳಿತು. ಆ ಬಾಗಿಲು ಪರದೆಯಲ್ಲಿ ತೆರೆದು ಮುಚ್ಚುವುದು ನಮಗೆಲ್ಲ ಕಾಣುತ್ತಿತ್ತು. ಕೊನೆಗೆ ವೈದ್ಯರು ಎಂಡೋಸ್ಕೋಪ್‌ನಿಂದ ದಾಟಿಸಿದರು. ಸಂಜೆಯೊಳಗೆ ಸೀಕಮ್ ಸಿಕ್ಕಿತು. ನಡುಕರುಳಿನಲ್ಲಿ ಜಿನುಗುತ್ತಿದ್ದ ರಕ್ತನಾಳದ ಗಂಟೂ ಸಿಕ್ಕಿತು. ಬೆಳಿಗ್ಗೆ ಯಾರೂ ಪರದೆ ನೋಡದಿದ್ದರೆ ಅದು ಕಾಣುತ್ತಿರಲಿಲ್ಲ.

ಹಾಗಾದರೆ ಎಲ್ಲರಿಗೂ ಮೊದಲೇ ಆ ಔಷಧ ಕೊಟ್ಟುಬಿಡಬಹುದಲ್ಲವೇ?

ಯೋಚನೆ ಸಹಜ. ಮೆಟೊಕ್ಲೋಪ್ರಮೈಡ್‌ನಿಂದ ಪೂರ್ಣತೆ ಸ್ವಲ್ಪ ಹೆಚ್ಚುತ್ತದೆ ಎಂದು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ಎರಿಥ್ರೋಮೈಸಿನ್ ಎಂಬ ಇನ್ನೊಂದು ಔಷಧ ಜಠರವನ್ನು ಬೇಗ ಖಾಲಿ ಮಾಡಿದರೂ ಸೀಕಮ್ ಮುಟ್ಟುವ ಪ್ರಮಾಣದಲ್ಲಿ ಅಂಥ ಲಾಭ ಕಂಡಿಲ್ಲ. ಆದರೂ ಯುರೋಪಿನ ಎಂಡೋಸ್ಕೋಪಿ ಸಂಘದ ಮಾರ್ಗಸೂಚಿ ಎಲ್ಲರಿಗೂ ಇದನ್ನು ವಾಡಿಕೆಯಾಗಿ ಕೊಡಲು ಹೇಳುವುದಿಲ್ಲ. ಔಷಧಗಳಿಗೆ ಅಡ್ಡಪರಿಣಾಮಗಳಿವೆ: ಮೆಟೊಕ್ಲೋಪ್ರಮೈಡ್‌ನಿಂದ ಕೆಲವರಿಗೆ ಕುತ್ತಿಗೆ, ದವಡೆ ಸೆಟೆದುಕೊಳ್ಳುತ್ತದೆ, ಡಾಂಪೆರಿಡೋನ್ ಹೃದಯದ ಲಯವನ್ನು ಏರುಪೇರು ಮಾಡಬಹುದು. ಇನ್ನೊಂದು ಮಾತು, ಕರುಳು ಅತಿ ವೇಗವಾಗಿ ತಳ್ಳಿದರೆ ಪ್ರತಿ ಸೆಂಟಿಮೀಟರಿಗೆ ಸಿಗುವ ಚಿತ್ರಗಳೂ ಕಡಿಮೆಯಾಗುತ್ತವೆ. ನೋಡಿ, ಅಗತ್ಯ ಇದ್ದವರಿಗೆ ಮಾತ್ರ ಕೊಡುವುದು ನನ್ನ ದೃಷ್ಟಿಯಲ್ಲೂ ಒಳ್ಳೆಯ ದಾರಿ. ಹೃದ್ರೋಗ ಇರುವವರು ಮನೆಯಲ್ಲಿದ್ದ ಮಾತ್ರೆಯನ್ನು ತಾವಾಗಿ ನುಂಗಿ ಬರಬಾರದು.

ಹಿಂದಿನ ದಿನ ಏನು ತಿನ್ನಬಹುದು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಆಸ್ಪತ್ರೆಗಳು ಕೊಡುವ ಮುದ್ರಿತ ಹಾಳೆಯಲ್ಲಿ “ನಾರಿಲ್ಲದ ಆಹಾರ” ಎಂದಷ್ಟೇ ಇರುತ್ತದೆ. ರಾಗಿಮುದ್ದೆ, ಬಸ್ಸಾರು ಉಣ್ಣುವವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಎರಡು ಮೂರು ದಿನ ಮೊದಲಿನಿಂದಲೇ ರಾಗಿ, ಜೋಳ, ನವಣೆ, ಸಜ್ಜೆ ಬಿಡಿ. ಸೊಪ್ಪು, ಹುರುಳಿಕಾಯಿ, ಬೆಂಡೆಕಾಯಿ ಬೇಡ. ಮೊಳಕೆಕಾಳು, ಕಡಲೆ, ಕೋಸಂಬರಿ ಬೇಡ. ಬೀಜ ಇರುವುದು ಯಾವುದೂ ಬೇಡ: ಟೊಮೆಟೊ, ಬದನೆಕಾಯಿ, ಸೀಬೆ, ದಾಳಿಂಬೆ, ಒಗ್ಗರಣೆಯ ಸಾಸಿವೆ, ಎಳ್ಳಿನ ಚಟ್ನಿಪುಡಿ. ಕರಿಬೇವು, ಕೊತ್ತಂಬರಿ ಸೊಪ್ಪಿನ ಚೂರುಗಳು ಲೆನ್ಸಿನ ಎದುರಿಗೆ ಅಂಟಿಕೊಂಡು ನಿಲ್ಲುವುದನ್ನು ನಾನು ನಿತ್ಯ ನೋಡುತ್ತೇನೆ. ಸಾಸಿವೆ ಕಾಳೂ ಅಷ್ಟೇ, ಕಪ್ಪು ಚುಕ್ಕೆಯಾಗಿ ಕಂಡು ಓದುವವರ ಕಣ್ಣನ್ನು ಎಳೆಯುತ್ತದೆ.

ಬಿಳಿ ಅನ್ನ, ಇಡ್ಲಿ, ಸೋಸಿದ ತಿಳಿಸಾರು, ಮೊಸರು, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ ಆಗಬಹುದು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನದ ಲಘು ಊಟದ ನಂತರ ಸಾಮಾನ್ಯವಾಗಿ ತಿಳಿ ದ್ರವ ಮಾತ್ರ. ಸೋಸಿದ ಎಳನೀರು, ಸೋಸಿದ ನಿಂಬೆಹಣ್ಣಿನ ಪಾನಕ, ತಿಳಿ ಗಂಜಿನೀರು ಕುಡಿಯಿರಿ. ಮಜ್ಜಿಗೆ, ಹಾಲು, ಹಾಲು ಹಾಕಿದ ಕಾಫಿ ತಿಳಿ ದ್ರವ ಅಲ್ಲ. ಬೀಟ್‌ರೂಟ್ ರಸ, ಕೋಕಂ ಶರಬತ್ತು, ದ್ರಾಕ್ಷಿ ರಸ ಕುಡಿಯಲೇಬೇಡಿ. ಕೆಂಪು ಬಣ್ಣವನ್ನು ರಕ್ತವೆಂದು ತಪ್ಪು ತಿಳಿಯುವ ಸಂಭವವಿದೆ. ರಾತ್ರಿಯಿಂದ ಉಪವಾಸ. ಎಲೆ ಅಡಿಕೆ, ತಂಬಾಕು ಕೂಡ ಬಿಡಬೇಕು.

ಭೇದಿ ಔಷಧ ಕುಡಿಯಲೇಬೇಕೇ?

ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು 2 ಲೀಟರ್‌ವರೆಗೆ ಕುಡಿಸುವುದು ಹಲವು ಕಡೆಯ ಪದ್ಧತಿ. ಇದರಿಂದ ಚಿತ್ರಗಳು ಸ್ವಚ್ಛವಾಗುತ್ತವೆ. ಆದರೆ ಸೀಕಮ್ ಮುಟ್ಟುವ ಪ್ರಮಾಣ ಇದರಿಂದ ಗಮನಾರ್ಹವಾಗಿ ಹೆಚ್ಚುತ್ತದೆ ಎಂದು ಸಾಬೀತಾಗಿಲ್ಲ. ಮೇಲೆ ಹೇಳಿದ ವ್ಯತ್ಯಾಸ ಇಲ್ಲಿ ನೆನಪಿರಲಿ: ಇದು ದಾರಿ ಕಾಣಿಸುವ ಉಪಾಯ. ನೊರೆ ಒಡೆಯಲು ಕ್ಯಾಪ್ಸೂಲ್ ನುಂಗುವ ಮುಂಚೆ ಸಿಮೆಥಿಕೋನ್ ಹನಿಗಳನ್ನು ನೀರಿಗೆ ಹಾಕಿ ಕೊಡುತ್ತೇವೆ. ಹೊಟ್ಟೆಯ ಗ್ಯಾಸಿಗೆ ಕೊಡುವ ಅದೇ ಔಷಧ, ಅಗ್ಗ, ನಿರಪಾಯ. ಅದು ಮಾಡುವ ಉಪಕಾರ ಪರದೆಯಲ್ಲಿ ಎದ್ದು ಕಾಣುತ್ತದೆ.

ದೂರದ ಊರಿನವರಿಗೊಂದು ಮಾತು. ಭೇದಿ ಔಷಧ ಕುಡಿದು ರಾತ್ರಿ ಬಸ್ಸು ಹತ್ತಬೇಡಿ. ದಾರಿಯಲ್ಲಿ ಶೌಚಾಲಯ ಸಿಗದೆಂದು ಅರ್ಧ ಕುಡಿದು ಬಿಟ್ಟವರು ಅನೇಕರು. ಹಿಂದಿನ ದಿನವೇ ಬಂದು ಆಸ್ಪತ್ರೆಯ ಹತ್ತಿರ ಉಳಿಯಿರಿ, ಸಾಧ್ಯವಾಗದಿದ್ದರೆ ಮೊದಲೇ ತಿಳಿಸಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಯಾವ ದ್ರಾವಣ, ಎಷ್ಟು ಎಂದು ವೈದ್ಯರನ್ನು ಕೇಳದೆ ಕುಡಿಯಬಾರದು.

ನಿತ್ಯದ ಮಾತ್ರೆಗಳನ್ನು ಏನು ಮಾಡಬೇಕು?

ಕಬ್ಬಿಣಾಂಶದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಬೇಕು. ರಕ್ತಹೀನತೆಗೆಂದೇ ಈ ಪರೀಕ್ಷೆಗೆ ಬರುವವರು ಬಹುತೇಕ ಎಲ್ಲರೂ ಅದನ್ನು ನುಂಗುತ್ತಿರುತ್ತಾರೆ. ಅದು ಕರುಳಿನ ಗೋಡೆಗೆ ಕಪ್ಪು ಬಳಿದಂತೆ ಅಂಟಿಕೊಂಡು ಏನೂ ಕಾಣದಂತೆ ಮಾಡುತ್ತದೆ. ಇಸಬ್‌ಗೋಲ್ ಕೂಡ ನಿಲ್ಲಿಸಿ.

ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಇನ್ಸುಲಿನ್ ಉಪವಾಸದ ದಿನ ಮಾಮೂಲಿನಂತೆ ತೆಗೆದುಕೊಂಡರೆ ಸಕ್ಕರೆ ಕುಸಿಯುತ್ತದೆ. ಪ್ರಮಾಣವನ್ನು ವೈದ್ಯರೇ ಹೊಂದಿಸಬೇಕು. ಸೆಮಾಗ್ಲುಟೈಡ್‌ನಂಥ ಹೊಸ ಔಷಧ ತೆಗೆದುಕೊಳ್ಳುವವರು ತಪ್ಪದೇ ಹೇಳಬೇಕು, ಅವು ಜಠರ ಖಾಲಿಯಾಗುವುದನ್ನೇ ನಿಧಾನ ಮಾಡುತ್ತವೆ. ತೂಕ ಇಳಿಸಲು ತೆಗೆದುಕೊಳ್ಳುವವರು ಅದನ್ನು ಔಷಧದ ಪಟ್ಟಿಗೆ ಸೇರಿಸುವುದನ್ನೇ ಮರೆಯುತ್ತಾರೆ. ನೋವಿನ ಬಲವಾದ ಮಾತ್ರೆಗಳ ವಿಷಯವೂ ಹಾಗೆಯೇ. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಗುಟುಕು ನೀರಿನೊಂದಿಗೆ ತೆಗೆದುಕೊಳ್ಳಲು ಹೇಳುತ್ತಾರೆ.

ನುಂಗಿದ ಮೇಲೆ ಮಲಗಬೇಕೇ, ಓಡಾಡಬೇಕೇ?

ಓಡಾಡಿ. ಕುರ್ಚಿಯಲ್ಲಿ ಮುದುಡಿ ಕುಳಿತುಕೊಳ್ಳಬೇಡಿ. ಬೆಲ್ಟ್ ಜಾರುತ್ತದೆಂಬ ಹೆದರಿಕೆಯಿಂದ ಅನೇಕರು ಬೆಂಚಿನ ಮೇಲೆ ಅಲುಗಾಡದೆ ಕೂರುತ್ತಾರೆ, ಬೇಡ. ಭಾರ ಎತ್ತುವುದು, ಬಗ್ಗಿ ಏಳುವ ವ್ಯಾಯಾಮ ಮಾತ್ರ ಬಿಡಿ. ಬಲ ಮಗ್ಗುಲಿಗೆ ಮಲಗಿದರೆ ಬೇಗ ಇಳಿಯುತ್ತದೆಯೇ, ಚ್ಯೂಯಿಂಗ್ ಗಮ್ ಜಗಿದರೆ ಉಪಯೋಗವೇ ಎಂದು ಕೇಳುವವರಿದ್ದಾರೆ. ಗಮ್ ಜಗಿದವರಲ್ಲಿ ಸಮಯ ಕಡಿಮೆಯಾಯಿತೆಂದು ಒಂದು ಅಧ್ಯಯನ ಹೇಳಿತು, ನಂತರದವು ಅದನ್ನು ಪೂರ್ತಿ ಎತ್ತಿಹಿಡಿಯಲಿಲ್ಲ. ಮಗ್ಗುಲಿನ ವಿಷಯದಲ್ಲೂ ಒಮ್ಮತವಿಲ್ಲ.

ಎರಡು ಗಂಟೆಯ ನಂತರ ತಿಳಿ ದ್ರವ, ನಾಲ್ಕು ಗಂಟೆಯ ನಂತರ ಲಘು ಆಹಾರ ಎಂಬುದು ವಾಡಿಕೆಯ ನಿಯಮ. ಆದರೆ ಅದಕ್ಕೆ ಮುಂಚೆ ಕ್ಯಾಪ್ಸೂಲ್ ಜಠರ ಬಿಟ್ಟಿದೆಯೆಂದು ಖಚಿತವಾಗಿರಬೇಕು. ಜಠರದಲ್ಲಿ ಕ್ಯಾಪ್ಸೂಲ್ ಇರುವಾಗಲೇ ಇಡ್ಲಿ ತಿಂದರೆ ಎರಡೂ ಅಲ್ಲೇ ಉಳಿಯುತ್ತವೆ.

ಬ್ಯಾಟರಿ ಹೆಚ್ಚು ಹೊತ್ತು ಬರುವ ಕ್ಯಾಪ್ಸೂಲ್ ಕೇಳಬಹುದೇ?

ಕೇಳಬಹುದು. ಈಗ 12 ಗಂಟೆಯ ಆಸುಪಾಸು ಬರುವ ಕ್ಯಾಪ್ಸೂಲ್‌ಗಳು ಸಾಮಾನ್ಯ. ಬ್ಯಾಟರಿ ಬೆಳೆದಂತೆ ಪೂರ್ಣತೆಯೂ ಬೆಳೆದಿದೆ. ಪಿಲ್‌ಕ್ಯಾಮ್ ಎಂಬ ಕ್ಯಾಪ್ಸೂಲ್‌ನ ಮೂರನೇ ಪೀಳಿಗೆ ಕರುಳಿನ ವೇಗಕ್ಕೆ ತಕ್ಕಂತೆ ಸೆಕೆಂಡಿಗೆ 2ರಿಂದ 6 ಚಿತ್ರ ತೆಗೆಯುತ್ತದೆ. ಕೊರಿಯಾದ ಮಿರೊಕ್ಯಾಮ್, ಜಪಾನಿನ ಒಲಿಂಪಸ್ ಕಂಪನಿಯ ಎಂಡೊಕ್ಯಾಪ್ಸೂಲ್, ಚೀನಾದ ಒಮೊಮ್ ಇವೆ. ಕ್ಯಾಪ್ಸೊಕ್ಯಾಮ್ ಎಂಬುದರಲ್ಲಿ ನಾಲ್ಕು ಕ್ಯಾಮೆರಾಗಳು ಬದಿಗೆ ಸುತ್ತಲೂ ನೋಡುತ್ತವೆ, ಬೆಲ್ಟ್ ಬೇಡ. ಆದರೆ ಚಿತ್ರಗಳು ಒಳಗೇ ಉಳಿಯುವುದರಿಂದ ಕ್ಯಾಪ್ಸೂಲನ್ನು ಮಲದಿಂದ ಹಿಡಿದು ತಂದುಕೊಡಬೇಕು. ಅದರಲ್ಲಿ ಮೊದಲ ಗಂಟೆಯ ಪರದೆ ನೋಡುವ ಅನುಕೂಲ ಇಲ್ಲ ಎಂಬುದನ್ನೂ ತೂಗಿ ನೋಡಬೇಕು.

ಯಾವ ಕಂಪನಿಯದು ಎನ್ನುವುದಕ್ಕಿಂತ, ನಿಮ್ಮ ಆಸ್ಪತ್ರೆಯಲ್ಲಿ ಅದನ್ನು ಎಷ್ಟು ಎಚ್ಚರದಿಂದ ಬಳಸುತ್ತಾರೆ ಎನ್ನುವುದು ಮುಖ್ಯ ಎಂದು ನನ್ನ ಅನುಭವ.

ಬೆಲ್ಟ್ ಯಾವಾಗ ತೆಗೆಯಬೇಕು?

ಗಡಿಯಾರ ನೋಡಿ ತೆಗೆಯಬಾರದು, ಪರದೆ ನೋಡಿ ತೆಗೆಯಬೇಕು. ಬೆಳಿಗ್ಗೆ ಹತ್ತೂವರೆಗೆ ನುಂಗಿಸಿ, ವಿಭಾಗ ಮುಚ್ಚುವ ಹೊತ್ತಾಯಿತೆಂದು ಸಂಜೆ ಐದಕ್ಕೆ ಬೆಲ್ಟ್ ಬಿಚ್ಚಿದರೆ ಬ್ಯಾಟರಿಯಲ್ಲಿ ಉಳಿದಿದ್ದ ಗಂಟೆಗಳು ವ್ಯರ್ಥ. ಕ್ಯಾಪ್ಸೂಲ್ ಒಳಗೆ ಚಿತ್ರ ತೆಗೆಯುತ್ತಲೇ ಇರುತ್ತದೆ, ಹಿಡಿದುಕೊಳ್ಳಲು ಹೊರಗೆ ಯಾರೂ ಇಲ್ಲ. ಆದ್ದರಿಂದ ಬೆಳಿಗ್ಗೆ ಬೇಗ, ಏಳು ಎಂಟು ಗಂಟೆಗೆ ನುಂಗಿಸುವುದು ಒಳ್ಳೆಯದು. ಸಂಜೆ ಸೀಕಮ್ ಕಾಣದಿದ್ದರೆ ರೆಕಾರ್ಡರನ್ನು ರೋಗಿಯ ಜೊತೆಗೇ ಮನೆಗೆ ಕಳುಹಿಸಿ ಮರುದಿನ ತರಿಸಿಕೊಳ್ಳಬಹುದು. ಇದಕ್ಕೆ ಹೊಸ ಯಂತ್ರ ಬೇಡ, ಖರ್ಚು ಇಲ್ಲ, ಸ್ವಲ್ಪ ಹೊಂದಾಣಿಕೆ ಸಾಕು.

ಹಗಲಲ್ಲಿ ರೆಕಾರ್ಡರ್‌ನ ದೀಪ ಮಿನುಗುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಿ. ನಿಂತಿದ್ದರೆ ಕೂಡಲೇ ಫೋನ್ ಮಾಡಿ. ಎಂಆರ್‌ಐ ಕೊಠಡಿಯ ಹತ್ತಿರ ಹೋಗಬೇಡಿ. ಕ್ಯಾಪ್ಸೂಲ್ ಹೊರಬಿದ್ದದ್ದು ಖಚಿತವಾಗುವವರೆಗೆ ಎಂಆರ್‌ಐ ಮಾಡಿಸಲೇಬಾರದು.

ಸೀಕಮ್ ತಲುಪಿತು, ಚಿತ್ರವೂ ಸ್ವಚ್ಛ. ಇನ್ನೂ ಏನಾದರೂ ತಪ್ಪಿಹೋಗಬಹುದೇ?

ಹೌದು. ಡ್ಯುವೊಡಿನಮ್‌ನಲ್ಲಿ ಕ್ಯಾಪ್ಸೂಲ್ ಬಹಳ ವೇಗವಾಗಿ ಉರುಳುತ್ತದೆ. ಪಿತ್ತನಾಳ ತೆರೆದುಕೊಳ್ಳುವ ಬಿಂದು ಬಹುಪಾಲು ಪರೀಕ್ಷೆಗಳಲ್ಲಿ ಕಾಣುವುದೇ ಇಲ್ಲ ಎಂದರೆ ಆ ವೇಗ ಅರ್ಥವಾಗುತ್ತದೆ. ಒಂಟಿ ಗಡ್ಡೆ ಮಡಿಕೆಯ ಹಿಂದೆ ಅಡಗಿದ್ದರೆ ತಪ್ಪಬಹುದು. ಓದುವವರ ಆಯಾಸವೂ ಸಣ್ಣದಲ್ಲ: 8 ಗಂಟೆಗೆ ಐವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು. ವೇಗವನ್ನು ಸೆಕೆಂಡಿಗೆ 10 ಚಿತ್ರಕ್ಕಿಂತ ಹೆಚ್ಚಿಸಬಾರದೆಂಬ ಸಲಹೆ ಇದೆ, ಮೇಲಿನ ಕರುಳಿನಲ್ಲಿ ಇನ್ನೂ ನಿಧಾನವಾಗಿ ಓದಬೇಕು. ಕೃತಕ ಬುದ್ಧಿಮತ್ತೆ ಇಲ್ಲಿ ನಿಜವಾದ ನೆರವು. ಚೀನಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ 96.6 ನಿಮಿಷದ ಓದು 5.9 ನಿಮಿಷಕ್ಕೆ ಇಳಿಯಿತು. ಆದರೆ ಕ್ಯಾಪ್ಸೂಲ್ ಹೋಗದ ಜಾಗವನ್ನು ಯಾವ ಸಾಫ್ಟ್‌ವೇರ್ ಕೂಡ ಓದಿಕೊಡಲಾರದು.

ಅಪೂರ್ಣ ಎಂದರೆ ಕ್ಯಾಪ್ಸೂಲ್ ಒಳಗೆ ಸಿಕ್ಕಿಕೊಂಡಿದೆ ಎಂದೇ?

ಅಲ್ಲ, ದಯವಿಟ್ಟು ಗಾಬರಿ ಬೇಡ. ಅಪೂರ್ಣವಾದ ಬಹುಪಾಲು ಪರೀಕ್ಷೆಗಳಲ್ಲಿ ಕ್ಯಾಪ್ಸೂಲ್ ನಿಧಾನವಾಗಿ ಹೋಗಿರುತ್ತದೆ ಅಷ್ಟೇ, ಒಂದೆರಡು ದಿನದಲ್ಲಿ ಮಲದೊಂದಿಗೆ ಬೀಳುತ್ತದೆ. ಎರಡು ವಾರ ಕಳೆದರೂ ಒಳಗೇ ಉಳಿದರೆ ಮಾತ್ರ ಅದನ್ನು ಸಿಕ್ಕಿಕೊಂಡಿದೆ ಎನ್ನುತ್ತಾರೆ. ಮೇಲೆ ಹೇಳಿದ ವಿಮರ್ಶೆಯಲ್ಲಿ ಅದು ಶೇ 1.4. ಬಿದ್ದದ್ದು ಕಾಣದಿದ್ದರೆ ಹೊಟ್ಟೆಯ ಎಕ್ಸ್-ರೇ ಸಾಕು. ಹೊಟ್ಟೆ ಉಬ್ಬರ, ಜೋರು ನೋವು, ವಾಂತಿ ಬಂದರೆ ಎರಡು ವಾರ ಕಾಯದೆ ಅಂದೇ ಬನ್ನಿ.

ಕರುಳು ಕಿರಿದಾಗಿರುವ ಸಂಭವ ಇದ್ದವರಲ್ಲಿ ಈ ಅಪಾಯ ಹೆಚ್ಚು. ಕ್ರೋನ್ಸ್ ಕಾಯಿಲೆ ಖಚಿತವಾದವರು, ಹೊಟ್ಟೆಗೆ ವಿಕಿರಣ ಚಿಕಿತ್ಸೆ ಆದವರು, ವರ್ಷಗಟ್ಟಲೆ ನೋವು ನಿವಾರಕ ನುಂಗಿದವರು. ನಮ್ಮ ದೇಶದಲ್ಲಿ ಕರುಳಿನ ಕ್ಷಯವನ್ನು ಈ ಪಟ್ಟಿಯ ಮೇಲ್ಭಾಗದಲ್ಲೇ ಇಡಬೇಕು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವನ್ನೇ ಅದು ಹೆಚ್ಚಾಗಿ ಹಿಡಿಯುತ್ತದೆ. ಹಿಂದೆ ಕ್ಷಯಕ್ಕೆ ಔಷಧ ತೆಗೆದುಕೊಂಡದ್ದನ್ನು ಸಂಕೋಚದಿಂದ ಮುಚ್ಚಿಡಬೇಡಿ. ಇಂಥವರಿಗೆ ಮೊದಲು ಪೇಟೆನ್ಸಿ ಕ್ಯಾಪ್ಸೂಲ್ ಎಂಬ ಕ್ಯಾಮೆರಾ ಇಲ್ಲದ ಪರೀಕ್ಷಾ ಕ್ಯಾಪ್ಸೂಲ್ ಕೊಡುತ್ತಾರೆ. ಲ್ಯಾಕ್ಟೋಸ್ ಮತ್ತು ಬೇರಿಯಮ್‌ನಿಂದ ಮಾಡಿದ್ದು. ದಾರಿ ಸಾಲದಿದ್ದರೆ ಸುಮಾರು 30 ಗಂಟೆಯ ನಂತರ ಒಳಗೇ ಕರಗತೊಡಗುತ್ತದೆ. ಇಡಿಯಾಗಿ ಹೊರಬಿದ್ದರೆ ನಿಜವಾದ ಕ್ಯಾಪ್ಸೂಲ್‌ಗೆ ದಾರಿ ಇದೆಯೆಂದು ತಿಳಿಯಬಹುದು. ಇಲ್ಲವೇ ಸಿಟಿ ಅಥವಾ ಎಂಆರ್ ಎಂಟರೋಗ್ರಫಿ, ಅಂದರೆ ಸಣ್ಣ ಕರುಳನ್ನು ತೋರಿಸುವ ಸ್ಕ್ಯಾನ್, ಮಾಡಿಸುತ್ತಾರೆ.

ನುಂಗಲು ಆಗದ ಮಗು, ವೃದ್ಧರಿಗೆ ಹೇಗೆ?

ಎಂಡೋಸ್ಕೋಪ್‌ನ ಸಹಾಯದಿಂದ ನೇರವಾಗಿ ಡ್ಯುವೊಡಿನಮ್‌ನಲ್ಲಿ ಇಡುತ್ತಾರೆ. ಎರಡು ವರ್ಷ ದಾಟಿದ ಮಕ್ಕಳಿಗೆ ಅಮೆರಿಕದಲ್ಲಿ 2009ರಿಂದ ಅನುಮತಿ ಇದೆ. ನುಂಗುವಾಗ ಕೆಮ್ಮು ಬರುವ ವೃದ್ಧರಲ್ಲಿ ಕ್ಯಾಪ್ಸೂಲ್ ಶ್ವಾಸನಾಳಕ್ಕೆ ಜಾರುವ ಅಪಾಯವೂ ಇರುವುದರಿಂದ ಇದೇ ಸುರಕ್ಷಿತ. ಜಠರದ ತಡವೂ ಇದರಿಂದ ತಪ್ಪುತ್ತದೆ.

ವರದಿಯಲ್ಲಿ “ಸಾಮಾನ್ಯ” ಎಂದಿದೆ. ನಿಶ್ಚಿಂತೆಯಿಂದ ಇರಬಹುದೇ?

ಆ ಪದಕ್ಕೆ ಮುಂಚೆ ಇನ್ನೆರಡು ಸಾಲು ಹುಡುಕಿ. ಕ್ಯಾಪ್ಸೂಲ್ ಸೀಕಮ್ ತಲುಪಿತೇ, ಎಷ್ಟು ಹೊತ್ತಿಗೆ? ಕರುಳು ಎಷ್ಟು ಸ್ವಚ್ಛವಾಗಿತ್ತು? ಇವೆರಡೂ ಇಲ್ಲದ ವರದಿಯಲ್ಲಿ “ಸಾಮಾನ್ಯ” ಎಂದರೆ ಕಂಡಷ್ಟು ಭಾಗ ಸಾಮಾನ್ಯ ಎಂದಷ್ಟೇ. ಕಾಣದ ಭಾಗದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ಸಾಲುಗಳಿಲ್ಲದಿದ್ದರೆ ವೈದ್ಯರ ಬಳಿ ಕೇಳಿ ಬರೆಸಿಕೊಳ್ಳಿ. ಮುಂದೆ ಬೇರೆ ಊರಿನಲ್ಲಿ ಬೇರೆ ವೈದ್ಯರು ಆ ಹಾಳೆ ನೋಡುವಾಗ ಅವರಿಗೂ ಬೇಕಾಗುತ್ತದೆ.

ಅಪೂರ್ಣವಾದರೆ ಮತ್ತೆ ಮಾಡಿಸಲೇಬೇಕೇ?

ಎಲ್ಲರೂ ಮಾಡಿಸಬೇಕಿಲ್ಲ. ಕಂಡಷ್ಟರಲ್ಲೇ ಕಾರಣ ಸಿಕ್ಕಿದ್ದರೆ, ಉದಾಹರಣೆಗೆ ರಕ್ತ ಜಿನುಗುವ ಜಾಗ ಕಂಡಿದ್ದರೆ, ಚಿಕಿತ್ಸೆಗೆ ಮುಂದುವರಿಯಬಹುದು. ಉಳಿದದ್ದು ಇಲಿಯಮ್‌ನ, ಅಂದರೆ ಸಣ್ಣ ಕರುಳಿನ ಕೊನೆಯ ಭಾಗದ, ತುದಿ ಮಾತ್ರವಾಗಿದ್ದು, ಕೊಲೊನೋಸ್ಕೋಪಿಯಲ್ಲಿ ಆ ತುದಿಯನ್ನು ಆಗಲೇ ನೋಡಿದ್ದರೆ ಕೊರತೆ ಚಿಕ್ಕದು. ಕೊಲೊನೋಸ್ಕೋಪಿ ಆಗಿದ್ದರೆ “ಸಣ್ಣ ಕರುಳಿನ ತುದಿಗೆ ಹೋಗಿದ್ದರೇ?” ಎಂದು ಆ ವರದಿಯಲ್ಲೂ ನೋಡಿ. ಕ್ರೋನ್ಸ್ ಮತ್ತು ಕ್ಷಯ ಎರಡಕ್ಕೂ ಅದೇ ಪ್ರಿಯವಾದ ಜಾಗ, ಹಾಗಾಗಿ ಆ ಅನುಮಾನ ಇದ್ದವರಲ್ಲಿ ಆ ತುದಿಯನ್ನು ನೋಡದೆ ಬಿಡುವಂತಿಲ್ಲ.

ಕಾರಣ ಸಿಕ್ಕಿಲ್ಲ, ಹಿಮೋಗ್ಲೋಬಿನ್ ಇಳಿಯುತ್ತಲೇ ಇದೆ ಎಂದಾದರೆ ಮೊದಲ ಸಲ ಯಾಕೆ ನಿಂತಿತು ಎಂದು ನೋಡಿ ಮುಂದುವರಿಯಬೇಕು. ಜಠರದಲ್ಲಿ ತಡವಾಗಿದ್ದರೆ ಎರಡನೆಯದನ್ನು ಎಂಡೋಸ್ಕೋಪ್‌ನಿಂದ ಡ್ಯುವೊಡಿನಮ್‌ನಲ್ಲೇ ಬಿಡಬಹುದು. ಕರುಳು ಕಿರಿದಾಗಿರುವ ಗುಮಾನಿ ಇದ್ದರೆ ಮೊದಲು ಸಿಟಿ ಎಂಟರೋಗ್ರಫಿ. ಜಪಾನಿನಲ್ಲಿ ವೈದ್ಯ ಯಮಮೋಟೊ 2001ರಲ್ಲಿ ಪರಿಚಯಿಸಿದ ಡಬಲ್ ಬಲೂನ್ ಎಂಟರೋಸ್ಕೋಪಿಯಿಂದ, ಅಂದರೆ ಎರಡು ಬಲೂನುಗಳ ನೆರವಿನಿಂದ ಸಣ್ಣ ಕರುಳಿನ ಆಳಕ್ಕೆ ಸಾಗುವ ಉದ್ದನೆಯ ಎಂಡೋಸ್ಕೋಪ್‌ನಿಂದ, ಒಳಗೆ ಹೋಗಿ ಚಿಕಿತ್ಸೆಯನ್ನೂ ಮಾಡಬಹುದು. ಕಣ್ಣಿಗೆ ಕಾಣುವ ರಕ್ತಸ್ರಾವ ಮತ್ತೆ ಶುರುವಾದರೆ ತಡಮಾಡಬೇಡಿ. 48 ಗಂಟೆಯೊಳಗೆ ಕ್ಯಾಪ್ಸೂಲ್ ನುಂಗಿಸಿದರೆ ಮೂಲ ಸಿಗುವ ಸಾಧ್ಯತೆ ಹೆಚ್ಚು.

ಖರ್ಚಿನ ಮಾತನ್ನೂ ಮುಂಚೆಯೇ ಆಡಿಕೊಳ್ಳಿ. ಕ್ಯಾಪ್ಸೂಲನ್ನು ಒಮ್ಮೆ ಮಾತ್ರ ಬಳಸಬಹುದು, ಬಿಲ್ಲಿನ ದೊಡ್ಡ ಪಾಲು ಅದರದ್ದೇ. ಅಪೂರ್ಣವಾದರೆ ಎಂಡೋಸ್ಕೋಪ್ ಸಹಾಯಕ್ಕೆ ಬೇರೆ ಹಣವೇ, ಎರಡನೆಯದಕ್ಕೆ ವಿಮೆ ಒಪ್ಪುತ್ತದೆಯೇ ಎಂದು ಬೆಲ್ಟ್ ಕಟ್ಟಿಸಿಕೊಳ್ಳುವ ಮುಂಚೆ, ಸಾಧ್ಯವಾದರೆ ದಿನಾಂಕ ಬರೆಸುವ ದಿನವೇ ಕೇಳಿ ತಿಳಿದುಕೊಳ್ಳಿ.